ಕೂಗಿದ ಐಬಿಗೆ ವಾಪಸ್ಸಿಲ್ಲ

ದನದ ಮಾರುಕಟ್ಟೆಯ ಹರಾಜುಗಾರನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಜನ ಅದನ್ನು ಮರೆತು ‘ಗಂಟಲು’ ಎಂದು ಕರೆಯುತ್ತಿದ್ದರು. ಅವನು ಒಮ್ಮೆ ಕೂಗಿದರೆ ತಗಡಿನ ಚಾವಣಿಯ ಮೇಲಿದ್ದ ಪಾರಿವಾಳಗಳು ಪಕ್ಕದ ಚಾವಣಿಗೆ ವಲಸೆ ಹೋಗುತ್ತಿದ್ದವು. ಆದರೆ ಅವನ ಖ್ಯಾತಿ ಸದ್ದಿನಿಂದ ಬಂದದ್ದಲ್ಲ, ಐಬಿನಿಂದ ಬಂದದ್ದು.

ಆ ಮಾರುಕಟ್ಟೆಯ ಪದ್ಧತಿಯೇ ಹಾಗೆ. ದನವನ್ನು ಕಣದೊಳಗೆ ಒಂದು ಸುತ್ತು ನಡೆಸಬೇಕು, ಬೆಲೆ ಕೇಳುವ ಮೊದಲು ಹರಾಜುಗಾರ ಅದರ ಐಬುಗಳನ್ನೆಲ್ಲ ಕೂಗಿ ಹೇಳಬೇಕು. ಹಿಂದಿನ ಎಡಮೊಲೆ ಬತ್ತಿದೆ, ಬೇಲಿ ಹಾರುತ್ತದೆ, ಹಾಲು ಕರೆಯಲು ಕೂತವರ ಕಪಾಳಕ್ಕೆ ಬಾಲದಿಂದ ಬಾರಿಸುತ್ತದೆ, ಹೀಗೆ. ಕೂಗದೆ ಮುಚ್ಚಿಟ್ಟ ಐಬು ಆಮೇಲೆ ಸಿಕ್ಕರೆ ದನ ವಾಪಸ್ಸು. ಕೂಗಿದ ಐಬಿಗೆ ವಾಪಸ್ಸಿಲ್ಲ. ಕೊಂಡವನು ಕಣ್ಣುಬಿಟ್ಟು ಕೊಂಡ, ಒದೆಸಿಕೊಳ್ಳಲಿ. ಕಣದ ಬಾಗಿಲ ಮೇಲೆ ಈ ಮಾತನ್ನು ಕರೀ ಬಣ್ಣದಲ್ಲಿ ಬರೆಸಿದ್ದರು.

ಇದರಿಂದ ಅಲ್ಲಿನ ರೈತರಿಗೆ ಒಂದು ಚಟ ಅಂಟಿಕೊಂಡಿತ್ತು. ಐಬಿರುವ ದನವೆಂದರೆ ಅವರಿಗೆ ಧೈರ್ಯ. ಐಬಿಲ್ಲ ಎಂದರೆ ಬೆನ್ನಲ್ಲಿ ಚಳಿ. ಹೋದ ಬೇಸಿಗೆಯಲ್ಲಿ ಕಡೆದಿಟ್ಟಂಥ ಕಡಸೊಂದು ಕಣಕ್ಕೆ ಬಂದಿತ್ತು. ಗಂಟಲು ಅದರ ಬಾಯಿ, ಗೊರಸು, ಕೆಚ್ಚಲು ಎಲ್ಲ ನೋಡಿ ‘ಐಬಿಲ್ಲ’ ಎಂದ. ಒಬ್ಬನೂ ಕೈ ಎತ್ತಲಿಲ್ಲ. ಕಡಸು ಸುತ್ತಿತು, ಸುತ್ತಿತು, ಕೊನೆಗೆ ಅದರ ಯಜಮಾನನೇ ತಡೆಯಲಾರದೆ, “ಗೊರಕೆ ಹೊಡೀತದೆ ಕಣ್ರಪ್ಪೋ!” ಎಂದು ಅರಚಿದ. ತಕ್ಷಣ ಹತ್ತಾರು ಕೈ ಮೇಲೆದ್ದವು.

ಆ ವರ್ಷ ಹುಲ್ಲುಗಾವಲು ಮಂಡಳಿಗೆ ಚುನಾವಣೆ ಬಂತು. ಅಧ್ಯಕ್ಷರಾಗಿ ಗೆದ್ದವರ ಕೈಗೆ ಇಡೀ ಸೀಮೆಯ ಸಾಮೂಹಿಕ ಹುಲ್ಲುಗಾವಲು. ಯಾರ ದನ ಯಾವಾಗ ಮೇಯಬೇಕು, ಯಾವ ಭಾಗಕ್ಕೆ ಬಿಡುವು, ಎಲ್ಲ ಅವರ ಮಾತಿನಂತೆ. ನಿಂತವರು ಇಬ್ಬರೇ. ಒಬ್ಬ ಹಿಂಡಿ ಸಾಹುಕಾರ. ದನಕ್ಕೆ ಹಿಂಡಿ ಮಾರುತ್ತಿದ್ದ, ಕೊಂಡವರನ್ನು ಹಿಂಡುತ್ತಿದ್ದ. ‘ಹುಲ್ಲುಗಾವಲಿಗೆ ನಾನೇ ಕಾವಲು’ ಎಂದು ಗೋಡೆಗೋಡೆಗೂ ಬರೆಸಿದ್ದ. ಇನ್ನೊಬ್ಬಳು ಗಂಟಲಿನ ಸ್ವಂತ ಅಕ್ಕ. ಸುತ್ತಲಿನ ಅರ್ಧದಷ್ಟು ಕರುಗಳು ಅವಳ ಕೈಯಲ್ಲೇ ಹುಟ್ಟಿದವು, ದನಗಳ ಸೂಲಗಿತ್ತಿ. ಅವಳಿಗೆ ಹೊಲವಿಲ್ಲ, ಇದ್ದದ್ದು ಆರೇಳು ಹಸು, ಮೇಯುತ್ತಿದ್ದದ್ದು ಆ ಹುಲ್ಲುಗಾವಲಿನಲ್ಲಿ. ಅದು ಹೋದರೆ ಹಸು ಹೋದವು, ಹಸು ಹೋದರೆ ಅವಳ ಬದುಕು ಹೋಯಿತು. ಅಷ್ಟು ಸರಳ ಲೆಕ್ಕ.

“ಜನ ಯೋಚನೆ ಮಾಡದೆ ಓಟು ಹಾಕ್ತಾರೆ ಅಕ್ಕ,” ಎಂದ ಗಂಟಲು, ತೂಕದ ಕೋಣೆಯಲ್ಲಿ ಕೂತು. “ಯಾರೋ ಒಂದು ಚೀಲ ಹಿಂಡಿ ಕೊಟ್ಟ ಅಂತ ಹಾಕ್ತಾರೆ, ಭಾವಮೈದ ಹೇಳ್ದ ಅಂತ ಹಾಕ್ತಾರೆ. ದನ ಕೊಳ್ಳುವಾಗ ಹಲ್ಲು ಎಣಿಸೋ ಮಂದಿ, ಮನುಷ್ಯನ್ನ ಆರಿಸುವಾಗ ಬಾಯೂ ತೆಗೆಸಲ್ಲ. ಅದೂ ಕಣವೇ, ಇದೂ ಕಣವೇ. ಇಬ್ಬರನ್ನೂ ಇಲ್ಲೇ ಒಂದು ಸುತ್ತು ನಡೆಸ್ತೀನಿ. ಐಬು ಕೂಗ್ತೀನಿ. ತಿಳ್ಕೊಂಡು ಓಟು ಹಾಕ್ಲಿ.”

ಎಂದವನೇ ಎದ್ದು ಹೊಟ್ಟೆ ಮುಂದೆ ತಳ್ಳಿ, ಮೂಗಿನಲ್ಲಿ ಸಾಹುಕಾರನ ದನಿ ತೆಗೆದ: “ಚೀಲ ಸ್ವಲ್ಪ ಹಗುರ ಇರಬಹುದು ಸ್ವಾಮೀ, ಮನಸ್ಸು ಹಗುರ ಮಾಡ್ಕೊಳ್ಳಿ. ನಿಮ್ಮವನೇ ಅಲ್ವಾ ನಾನು!”

ಅಕ್ಕ ನಗಲಿಲ್ಲ. ಮೊಳಕೈವರೆಗೆ ಸೋಪು ಹಚ್ಚಿ ತೊಳೆಯುತ್ತಿದ್ದಳು. ಆಗಷ್ಟೇ ಯಾರದೋ ಕೊಟ್ಟಿಗೆಯಿಂದ ಬಂದಿದ್ದಳು. “ನಂದೇನು ಕೂಗ್ತೀಯಾ?”

“ನಿಂದೇನಿದೆ ಕೂಗೋಕೆ?”

“ಇದೆಯಲ್ಲ. ಆ ಒಣಗಾಲದಲ್ಲಿ ಹುಲ್ಲುಗಾವಲಿನ ಸರದಿ ನೋಡ್ಕೊಳ್ಳೋ ಕೆಲಸ ನಂದಿತ್ತು. ಸರದಿ ಮುರಿದು ನಿನ್ನ ದನ ಒಳಗೆ ಬಿಟ್ಟೆ. ಮಿಕ್ಕವರ ದನ ಬೇಲಿ ಆಚೆ ನಿಂತು ನೋಡ್ತಿದ್ವು. ಅದನ್ನೇ ಕೂಗು.”

ಗಂಟಲಿನ ಗಂಟಲು ಒಣಗಿತು. “ಅದು... ಅದು ನನ್ನ ಐಬಾಗುತ್ತಲ್ಲ ಅಕ್ಕ! ಬೇಡ ಅಂತ ನಾನೂ ಅಂದಿರಲಿಲ್ಲ. ನಾಳೆಯಿಂದ ನನ್ನ ಕೂಗಿಗೆ ಯಾರು ಬೆಲೆ ಕೊಡ್ತಾರೆ?”

“ನಿನ್ನ ಮರ್ಯಾದೆನ ಹುಲ್ಲು ಅಂತ ಹಸುಗಳು ಮೇಯಲ್ಲ ಕಣೋ. ಒಂದು ಐಬೂ ಇಲ್ಲದೆ ಬರಿಗೈಲಿ ಮಾತ್ರ ನನ್ನ ಕಣಕ್ಕೆ ಇಳಿಸಬೇಡ.”

“ಅಯ್ಯೋ, ಅವನ ಪಕ್ಕ ನಿನ್ನ ನಿಲ್ಲಿಸಿದ್ರೆ ಸಾಕು, ಕುರುಡನಿಗೂ ಗೊತ್ತಾಗುತ್ತೆ. ದನದ ನ್ಯಾಯ ಬೇರೆ, ಮನುಷ್ಯರ ನ್ಯಾಯ ಬೇರೆ,” ಎಂದು ಹೇಳಿ ಮಾತು ಮುಗಿಸಿದ. ಅಕ್ಕ ಕೈ ಒರೆಸಿಕೊಂಡು ತಮ್ಮನ ಮುಖವನ್ನು ಒಂದು ಗಳಿಗೆ ನೋಡಿದಳು, ಅಡ್ಡ ಸಿಕ್ಕಿಕೊಂಡ ಕರುವನ್ನು ನೋಡುವ ಹಾಗೆ.

ಮತದಾನಕ್ಕೆ ಮುಂಚಿನ ಸಂತೆಯ ದಿನ ಕಣದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಸಾಹುಕಾರ ಬರುವುದಿಲ್ಲ ಎಂದೇ ಎಲ್ಲರೂ ಪಣ ಕಟ್ಟಿದ್ದರು. ಬಂದ. ಗರಿಗರಿ ಅಂಗಿ ತೊಟ್ಟು, ಎರಡೂ ಕೈ ಮೇಲೆತ್ತಿ, ಪ್ರದರ್ಶನದ ಹೋರಿಯಂತೆ ಕಣವನ್ನು ಸುತ್ತಿದ. ಮುಂದಿನ ಸಾಲಿನಲ್ಲಿ ಕೋಲು ತಾತ ಕೂತಿದ್ದ. ಯಾವ ದನಕ್ಕೂ ಮೊದಲ ಬೆಲೆ ಅವನು ಕೋಲು ಎತ್ತಿದ ಮೇಲೆಯೇ. ಆ ಕೋಲು ಎದ್ದರೆ ಉಳಿದವರ ಕೈ ಏಳುತ್ತಿತ್ತು. ಸಾಹುಕಾರ ಅವನ ಮುಂದೆ ನಿಂತು ಬಾಯಿ ಅಗಲಿಸಿ ಹಲ್ಲನ್ನೂ ತೋರಿಸಿದ.

ಗಂಟಲು ಕೂಗಿದ. ಅವತ್ತಿನಷ್ಟು ಚೆನ್ನಾಗಿ ಅವನು ಹಿಂದೆಂದೂ ಕೂಗಿರಲಿಲ್ಲ.

“ಐಬು! ಈತನ ಹಿಂಡಿಯಲ್ಲಿ ಮರಳು. ನಿಮ್ಮ ದನ ಸಗಣಿ ಹಾಕ್ತಿಲ್ಲ, ಗೋಡೆಗೆ ಗಾರೆ ಹಾಕ್ತಿವೆ!” ಜನ ಹೊಟ್ಟೆ ಹಿಡಿದುಕೊಂಡರು. “ಐಬು! ಹೋದ ಸಲ ಮಂಡಳಿಯಲ್ಲಿದ್ದಾಗ ದನ ನೀರು ಕುಡಿಯೋ ತೊಟ್ಟಿ ಒಡೆಸಿ, ಕಲ್ಲು ತನ್ನ ಗೋದಾಮಿಗೆ ಸಾಗಿಸಿದ!” ಆಮೇಲೆ ಮೂಗಿನ ದನಿ ತೆಗೆದು, “ತೊಟ್ಟಿ ಯಾಕೆ ಸ್ವಾಮೀ, ಮಳೆ ಬಂದಾಗ ದನ ಮೇಲೆ ನೋಡ್ಕೊಂಡು ಕುಡೀಲಿ. ನಿಮ್ಮವನೇ ಅಲ್ವಾ ನಾನು!” ನಗುವಿನ ಅಲೆ ತಗಡಿಗೆ ಬಡಿಯಿತು. “ಐಬು! ಹುಲ್ಲುಗಾವಲನ್ನ ಆಗಲೇ ಸರಪಳಿ ಹಿಡಿದು ಅಳೆಸಿದ್ದಾನೆ. ಗೆದ್ರೆ ಅಲ್ಲಿ ಹುಲ್ಲು ಬೆಳೆಯಲ್ಲ, ಗೋದಾಮು ಬೆಳೆಯುತ್ತೆ!”

ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಸಾಹುಕಾರ. ಕಣ್ಣೀರು ಒರೆಸಿಕೊಂಡು, “ಎಲ್ಲಾ ನಿಜ ಕಣ್ರಪ್ಪ, ಒಂದೂ ಸುಳ್ಳಲ್ಲ! ಒಂದು ಬಿಟ್ಟುಬಿಟ್ಟ, ನಂಗೆ ಮೂಲವ್ಯಾಧಿಯೂ ಇದೆ!” ಎಂದ. ಕೋಲು ತಾತ ಕೆಮ್ಮುತ್ತಾ ಕೆಮ್ಮುತ್ತಾ ಕೋಲಿನಿಂದ ನೆಲ ಕುಟ್ಟಿದ.

ಆಮೇಲೆ ಅಕ್ಕ ಕಣಕ್ಕೆ ಬಂದಳು. ತಲೆ ಬಗ್ಗಿಸದೆ ಒಂದು ಸುತ್ತು ಹಾಕಿ ತಮ್ಮನ ಎದುರಿಗೆ ನಿಂತಳು. ಕಣ್ಣಿನಲ್ಲೇ ಕೇಳಿದಳು.

ಗಂಟಲು ಬಾಯಿ ತೆರೆದ. ಬೇಲಿಯಾಚೆ ನಿಂತಿದ್ದ ಆ ಒಣಗಾಲದ ದನಗಳು ಕಣ್ಣಮುಂದೆ ಬಂದವು. ಅವುಗಳ ಯಜಮಾನರು ಈಗ ಸಾಲುಸಾಲಾಗಿ ಕೂತಿದ್ದರು. ಬಾಯಿ ಮುಚ್ಚಿ ಮತ್ತೆ ತೆರೆದ.

“ಐಬಿಲ್ಲ.”

ಮುಂದಿನ ಸಾಲಿನವರು ಕೋಲು ತಾತನ ಕಡೆ ತಿರುಗಿದರು.

“ಏನೂ ಇಲ್ವಾ?” ಕೋಲು ತಾತ ಕೇಳಿದ.

“ಇಲ್ಲ ತಾತ.”

“ಒಂದು ಚೂರೂ?”

“ಇಲ್ಲ ಅಂದ್ನಲ್ಲ!”

ತಾತ ಪಕ್ಕದವನ ಕಡೆ ತಿರುಗಿದ. ಪಿಸುಗುಟ್ಟಿದ್ದೇ, ಆದರೆ ಅರೆಗಿವುಡನ ಪಿಸುಮಾತು ಕಣದ ಆಚೆಗೂ ಕೇಳುವಂಥದ್ದು. “ಸ್ವಂತ ಅಕ್ಕ. ಏನೋ ದೊಡ್ಡದೇ ಮುಚ್ಚಿಟ್ಟವನೆ.”

ಮುಂದಿನದು ಊಹಿಸಲು ಬುದ್ಧಿವಂತರೇ ಆಗಬೇಕಿಲ್ಲ. ಓಟಿನ ಪೆಟ್ಟಿಗೆ ತೆರೆದಾಗ ಸಾಹುಕಾರನ ಗುಡ್ಡೆ ಹಿಂಡಿಯ ಮೂಟೆಗಳಂತೆ ಎತ್ತರಕ್ಕೆ ಬೆಳೆಯಿತು. ಅಕ್ಕನದು ಒಂದು ಹಿಡಿ ಹೊಟ್ಟು.

ಗಂಟಲು ಸಿಕ್ಕಸಿಕ್ಕವರನ್ನು ಅಡ್ಡಗಟ್ಟಿದ. “ಅಷ್ಟೆಲ್ಲಾ ಹೇಳಿದ್ನಲ್ರೋ! ಕಿವಿಗೇನು ಹಿಂಡಿ ತುಂಬ್ಕೊಂಡಿದ್ರಾ?”

“ಕೇಳಿಸ್ಕೊಂಡ್ವಲ್ಲಣ್ಣ, ಅದಕ್ಕೇ ಹಾಕಿದ್ದು,” ಎಂದ ಒಬ್ಬ ಹಾಲಿನವನು, ಪಾಪ, ನಿಜಕ್ಕೂ ಗಂಟಲಿಗೆ ಕೃತಜ್ಞನಾಗಿ. “ಅವನು ಎಲ್ಲಿ ಒದೀತಾನೆ ಅಂತ ಗೊತ್ತಾಯ್ತು, ದೂರ ನಿಂತ್ಕೋಬಹುದು. ನಿಮ್ಮಕ್ಕಂದು ಎಲ್ಲಿಂದ ಬರುತ್ತೋ ಯಾರಿಗೆ ಗೊತ್ತು? ಈ ಸಲದಷ್ಟು ತಿಳ್ಕೊಂಡು ನಾವು ಯಾವತ್ತೂ ಓಟು ಹಾಕಿರಲಿಲ್ಲ ನೋಡು.”

ಹುಲ್ಲು ಹಳದಿಯಾಗುವ ಮೊದಲೇ ಹುಲ್ಲುಗಾವಲಿನ ಸುತ್ತ ಮುಳ್ಳುತಂತಿ ಬಿತ್ತು. ಒಳಗೆ ಬುನಾದಿ ತೋಡುವ ಯಂತ್ರ ಮೇಯತೊಡಗಿತು. ರೈತರು ದಂಡು ಕಟ್ಟಿಕೊಂಡು ಹೋದರು. ಸಾಹುಕಾರ ಅವರನ್ನು ಬೈಯಲಿಲ್ಲ, ಓಡಿಸಲಿಲ್ಲ. ನೆರಳಿಗೆ ಕುರ್ಚಿ ಹಾಕಿಸಿದ. ಗಂಟಲನ್ನೂ ಕರೆಸಿ ಎಲ್ಲರ ಮುಂದೆ ನಿಲ್ಲಿಸಿಕೊಂಡ.

“ನೀನೇ ಹೇಳಪ್ಪ. ಇದನ್ನ ಅವತ್ತು ಕೂಗಿದ್ಯೋ ಇಲ್ವೋ?”

“ಕೂಗಿದ್ದೆ,” ಎಂದ ಗಂಟಲು.

“ಕೂಗಿದ ಐಬಿಗೆ?”

ಉತ್ತರ ಬೇಕಾಗಿರಲಿಲ್ಲ. ಅಷ್ಟು ಮಂದಿಗೂ ಬಾಯಿಪಾಠವಿತ್ತು. ಕೆಲವರು ತಲೆಯನ್ನೂ ಆಡಿಸಿದರು, ನ್ಯಾಯವಾದ ಮಾತೇ ಎನ್ನುವಂತೆ.

“ಕಣ್ಣುಬಿಟ್ಟು ಕೊಂಡ್ರಿ. ಈಗ ನಿಮ್ಮವನೇ ಅಲ್ವಾ ನಾನು!” ಎಂದ ಸಾಹುಕಾರ. ಆ ಮಾತನ್ನು ಅಷ್ಟು ಚೆನ್ನಾಗಿ ಗಂಟಲಿಗೂ ಅನುಕರಿಸಲು ಬಂದಿರಲಿಲ್ಲ.

ಮೇವಿಲ್ಲದ ದನಗಳು ಮಾರುಕಟ್ಟೆಗೆ ನುಗ್ಗಿದವು. ಗಂಟಲಿಗೆ ಉಸಿರಾಡಲು ಬಿಡುವಿರಲಿಲ್ಲ. ಕೊಳ್ಳಲು ಬಂದವರಲ್ಲಿ ಸಾಕುವವರು ಕಡಿಮೆ. ಹೆಚ್ಚಿನವರು ಕಸಾಯಿಖಾನೆಗೆ ಒಯ್ಯುವವರು, ಅವರ ಪರವಾಗಿ ಬೆಲೆ ಕೇಳಲು ಕೋಲು ತಾತ. ಅವನ ಹಸುಗಳೂ ಮುಂಚಿನ ವಾರವೇ ಹೋಗಿದ್ದವು. ಕೋಲು ಮಾತ್ರ ಉಳಿದಿತ್ತು.

ಒಂದು ದಿನ ಬಿಳಿಮೂಗಿ ಕಣಕ್ಕೆ ಬಂದಳು. ಅಕ್ಕನ ಕೊಟ್ಟಿಗೆಯ ಹಿರಿಯ ಹಸು, ಪಕ್ಕೆಲುಬು ಎಣಿಸುವಂತಾಗಿದ್ದಳು. ಹಗ್ಗ ಹಿಡಿದು ನಡೆಸುತ್ತಿದ್ದವಳು ಅಕ್ಕನೇ. ಮಿಕ್ಕ ಹಸುಗಳು ಹಿಂದಿನ ದೊಡ್ಡಿಯಲ್ಲಿ ಸರದಿ ಕಾಯುತ್ತಿದ್ದವು. ಗಂಟಲು ಇಳಿದು ಬಂದು ಬಾಯಿ ನೋಡಿದ, ಗೊರಸು ನೋಡಿದ, ಕೆಚ್ಚಲು ಮುಟ್ಟಿದ. ಹಸಿವು ಬಿಟ್ಟರೆ ಐಬೆನ್ನುವುದು ಏನೂ ಇರಲಿಲ್ಲ. ಆ ಹಸುವಿನ ಹಾಲು ಕುಡಿದೇ ಅವನ ಮಕ್ಕಳು ಬೆಳೆದಿದ್ದರು. ಅದು ಯಾರ ಮೇಲೂ ಕಾಲೆತ್ತಿದ್ದನ್ನು ಯಾರೂ ಕಂಡಿರಲಿಲ್ಲ.

ಕೋಲು ತಾತ ಕಾಯುತ್ತಿದ್ದ. ಐಬಿಲ್ಲ ಎಂದರೆ ಕೋಲು ಏಳದು. ಏಳದಿದ್ದರೆ ಹಸುವನ್ನು ಮತ್ತೆ ಖಾಲಿ ಗೋದಲಿಗೆ ಕಟ್ಟಬೇಕು. ಅಕ್ಕನ ಕೊಟ್ಟಿಗೆಯಲ್ಲಿ ಹುಲ್ಲಿನ ಕಡ್ಡಿಯೂ ಇರಲಿಲ್ಲ.

“ಐಬು!” ಎಂದ ಗಂಟಲು. “ಒದೀತಾಳೆ! ಕರೆಯೋಕೆ ಕೂತವರ ಎದೆಗೇ ಒದೀತಾಳೆ!”

ಹುಟ್ಟಿದಂದಿನಿಂದ ಅವನು ಕೂಗಿದ ಮೊದಲ ಸುಳ್ಳು ಐಬು ಅದು. ಮಾತು ಮುಗಿಯುವ ಮೊದಲೇ ಕೋಲು ಮೇಲೆದ್ದಿತು, ಅದರ ಹಿಂದೆ ಐದಾರು ಕೈ. ಬೆಲೆ ಚಕಚಕನೆ ಏರಿ ನಿಂತಿತು. ಹರಾಜಿನ ಸುತ್ತಿಗೆ ಬಿತ್ತು.

ಅಕ್ಕ ಹಗ್ಗವನ್ನು ಕೊಂಡವನ ಕೈಗೆ ಕೊಟ್ಟು ತಮ್ಮನ ಹತ್ತಿರ ಬಂದಳು. ಅವನ ಅಕ್ಕನೇ ತಾನೆ, ಅವಳಿಗೂ ಬರುತ್ತಿತ್ತು. ಅವನದೇ ದನಿ, ಅವನದೇ ಏರಿಳಿತ, ಅವನಿಗಷ್ಟೇ ಕೇಳುವಂತೆ ಸಣ್ಣಗೆ ತೆಗೆದಳು: “ದನದ ನ್ಯಾಯ ಬೇರೆ, ಮನುಷ್ಯರ ನ್ಯಾಯ ಬೇರೆ.”

ಆಮೇಲೆ ತನ್ನ ದನಿಯಲ್ಲೇ, “ಅವತ್ತೂ ಹೀಗೊಂದು ಐಬು ಕೂಗಿದ್ರೆ ಗೆಲ್ತಿದ್ದೆ ಕಣೋ. ಅದೂ ನಿಜ ಹೇಳಿದ್ರೆ ಸಾಕಿತ್ತು,” ಎಂದಳು.

ಬಿಳಿಮೂಗಿ ಅವನ ಪಕ್ಕದಲ್ಲೇ ಹಾದುಹೋದಳು. ಒದೆಯಲಿಲ್ಲ. ಜೇಬಿನಲ್ಲೇನಾದರೂ ಇದೆಯೋ ಎಂದು ಮೂಸಿ, ಏನೂ ಇಲ್ಲದ್ದಕ್ಕೆ ಅವನ ಕೈ ನೆಕ್ಕಿ, ಲಾರಿಯ ಹಲಗೆ ಹತ್ತಿದಳು.

“ಮುಂದಿನದು ಬರ್ಲಿ!” ಕೋಲು ತಾತ ನೆಲ ಕುಟ್ಟಿದ. “ಇದರ ಐಬೇನಪ್ಪ?”

ಅಕ್ಕ ಎರಡನೆಯ ಹಸುವನ್ನು ಹಿಡಿದು ತಂದು ನಿಲ್ಲಿಸಿದ್ದಳು. ಅವಳು ಏನೂ ಕೇಳಲಿಲ್ಲ, ಕಣ್ಣಿನಲ್ಲೂ ಕೇಳಲಿಲ್ಲ. ಗಂಟಲು ಬಾಯಿ ನೋಡಲಿಲ್ಲ, ಗೊರಸು ನೋಡಲಿಲ್ಲ. ನಿಂತಲ್ಲಿಂದಲೇ ಒಂದು ಐಬು ಕೂಗಿದ.