ಕುಳಿಯೊಳಗಿನ ಕಿಡಿ

ಕಾಟಪ್ಪ ಎಡಗೈಯಲ್ಲಿ ಮುದ್ದೆ ಮುರಿಯುವಾಗ ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. ಬಲಗೈ ಮಣಿಕಟ್ಟಿನಿಂದಾಚೆಗೆ ಇರಲಿಲ್ಲ. ಎಂಟು ತಿಂಗಳ ಹಿಂದೆ, ಹಿರಿಯೂರಿನ ಹೊರಗಿನ ಕಲ್ಲುಗಣಿಯಲ್ಲಿ, ಬಂಡೆಯಲ್ಲಿ ಕೊರೆದು ಅವನು ಸಿಡಿಮದ್ದು ತುಂಬುತ್ತಿದ್ದ ಕುಳಿ ಸಿಡಿದು ಅದನ್ನು ಒಯ್ದಿತ್ತು.

“ಗ್ವಾಡೆ ಏನು ನಿನ್ನ ಬೀಗನಾ, ದಿನಾ ಅದರ ಜೊತೆ ಉಣ್ಣಾಕೆ?” ಎಂದಳು ಹೆಂಡತಿ ತಿಪ್ಪಕ್ಕ. ಅವಳು ಅದೇ ಗಣಿಯಲ್ಲಿ ಜಲ್ಲಿ ಒಡೆಯುವವಳು. ಬುತ್ತಿ ಕಟ್ಟುತ್ತ ಹೇಳಿದಳು: “ಇವತ್ತಿಂದ ನನ್ನ ತಮ್ಮ ಕೆಂಚಣ್ಣಂಗೆ ಮದ್ದು ಜಡಿಯೋ ಕೆಲಸ. ಮೇಸ್ತ್ರಿ ನಿನ್ನ ಸಲಾಕೇನೇ ಕೊಟ್ಟವ್ರೆ. ಭಯ ಇಲ್ಲ ಬಿಡು, ಹುಂಜ ಕೊಟ್ಟಾಗೈತೆ.”

ಕಾಟಪ್ಪ ಮುರಿದ ತುತ್ತನ್ನು ತಟ್ಟೆಗೇ ಹಾಕಿದ.

ಹೊಸ ಬಂಡೆಗೆ ಕೈ ಹಾಕುವ ಮುನ್ನ ಮಾರಮ್ಮನಿಗೆ ಹುಂಜ ಕೊಡುವುದು ಗಣಿಯ ವಾಡಿಕೆ. ಕೈ ಹೋದ ಆ ಸಲ ಕಾಟಪ್ಪ ಕೊಟ್ಟಿರಲಿಲ್ಲ. ಅಮ್ಮ ಮುನಿದಳು ಎಂದು ಜನ ಅಂದರು, ಅವನೂ ಹೌದೆಂದ. ಹಾಗನ್ನುವುದು ಸುಲಭವಾಗಿತ್ತು. ದೇವರ ಮುನಿಸಿಗೆ ಸಿಕ್ಕವನಿಗೆ ಮರುಕ ಸಿಗುತ್ತದೆ. ಸ್ವಂತ ಜಂಬಕ್ಕೆ ಕೈ ತೆತ್ತವನಿಗೆ? ಮದ್ದನ್ನು ಮರದ ಕೋಲಿನಿಂದ ಮೆಲ್ಲಗೆ ಅದುಮಬೇಕೆಂದು ಕೆಲಸ ಕಲಿಸಿದ ಮುದುಕ ಹೇಳಿದ್ದ. ಅದು ಹೆಂಗಸರ ಜಡಿತವೆಂದು ನಕ್ಕು, ಇಡೀ ಗಣಿಗೆ ಕಬ್ಬಿಣದ ಸಲಾಕೆ ಹಿಡಿಸಿದವನು ಕಾಟಪ್ಪನೇ. ಅಂದು ಕುಳಿಯ ಕತ್ತಲಲ್ಲಿ ಸಲಾಕೆಯ ತುದಿಯಿಂದ ಹಾರಿದ ಕಿಡಿಯನ್ನು ಕಂಡವನೂ ಅವನೊಬ್ಬನೇ.

ಮೂಲೆಯಲ್ಲಿ ಜಾಲಿಯ ಕೋಲೊಂದು ಒರಗಿತ್ತು. ಕಾಲಡಿ ಅದುಮಿ ಹಿಡಿದು, ಎಡಗೈಯಲ್ಲಿ ಬಾಚಿ ಬೀಸಿ, ಸಂತೆಯಲ್ಲಿ ಬಾರುಕೋಲೆಂದು ಮಾರಲು ಹೆರೆದದ್ದು. ಅದನ್ನೆತ್ತಿಕೊಂಡು ಹೆಂಡತಿಯ ಹಿಂದೆಯೇ ಗಣಿಗೆ ನಡೆದ.

“ಏನ್ ಭಾವ, ಕೋಲು ಹಿಡ್ಕಂಡು? ಎಮ್ಮೆ ತಪ್ಪಿಸ್ಕಂಡ್ವಾ?” ಎಂದ ಕೆಂಚಣ್ಣ, ಸಲಾಕೆಯನ್ನು ಹೆಗಲ ಮೇಲಿಟ್ಟುಕೊಂಡು. ಸುತ್ತಲಿನವರು ನಕ್ಕರು.

“ಅದನ್ನ ಕೆಳಗಿಡು. ಇದರಾಗೆ ಜಡಿ.”

ಮೇಸ್ತ್ರಿ ಮುರುಗೇಶಪ್ಪ ಹತ್ತಿರ ಬಂದ. “ಲೇ ಕಾಟಪ್ಪ, ಸಲಾಕೆ ಕಲಿಸಿದೋನು ನೀನೇ ಅಲ್ವೇನೋ? ಕೋಲಾಗೆ ಸವರ್ತಾ ಕುಂತ್ರೆ ದಿನಕ್ಕೆ ಆರು ಕುಳಿ ಹಾರ್ತಾವಾ? ಇಂಜಿನಿಯರ್ ದೊರೆ ನನ್ನ ಸುಮ್ನೆ ಬಿಡ್ತಾರಾ? ನಿನಗಾಗಿದ್ದು ಅಮ್ಮನ ಮುನಿಸು.”

“ಸುಳ್ಳು, ಮೇಸ್ತ್ರಿ. ಅಮ್ಮನ ಮ್ಯಾಲೆ ನಾನು ಹೊರಿಸಿದ್ದು. ಕಿಡಿ ಹಾರಿದ್ದು ನನ್ನ ಸಲಾಕೆಯಿಂದ.”

ಜಲ್ಲಿಯ ಸುತ್ತಿಗೆಗಳು ನಿಂತವು. ತಿಪ್ಪಕ್ಕ ಎದ್ದು ನಿಂತಳು.

“ಇಷ್ಟು ದಿನ ನಮಗ್ಯಾರಿಗೂ ಕಾಣದ ಕಿಡಿ?” ಎಂದ ಮೇಸ್ತ್ರಿ.

“ಬಿಸಿಲಾಗೆ ಕಾಣಲ್ಲ. ಕಂಬಳಿ ಕೊಡು, ಕೆಂಚಣ್ಣ. ಕುಂತ್ಕಳ್ರಿ ಮೇಸ್ತ್ರಿ.”

ಮದ್ದಿನ ಚೀಲ ಇನ್ನೂ ದೂರದ ಗುಡಿಸಲಿನಲ್ಲಿತ್ತು. ಕೂಲಿಯವನ ಕಂಬಳಿಯೆಂದು ಮುರುಗೇಶಪ್ಪ ಹಿಂದೆಮುಂದೆ ನೋಡಿದ. ಕಡೆಗೆ ಬಂಡೆಯ ಮೇಲೆ ಹರಡಿದ ಕಂಬಳಿಯ ಕತ್ತಲೊಳಗೆ ತಲೆ ತೂರಿಸಿದ. ಕಾಟಪ್ಪ ಎಡಗೈಯಿಂದ ಸಲಾಕೆ ಎತ್ತಿ ಕಂಬಳಿಯಡಿಯ ಬಂಡೆಗೆ ಕುಕ್ಕಿದ. ಖಣ್. ಖಣ್. ಮೂರನೆಯ ಏಟಿಗೆ ಕೆಂಪು ಚುಕ್ಕೆಯೊಂದು ಮೇಸ್ತ್ರಿಯ ಮೂಗಿನ ಮುಂದೆಯೇ ಹಾರಿ ಆರಿತು.

ಆಮೇಲೆ ಕೆಂಚಣ್ಣ ತಲೆ ತೂರಿಸಿದ. ಹೊರಗೆ ಬಂದಾಗ ಅವನ ಮುಖದಲ್ಲಿ ನಗೆ ಇರಲಿಲ್ಲ.

“ಎಂಟು ತಿಂಗ್ಳು ಬಾಯಿ ಮುಚ್ಕಂಡಿದ್ಯಲ್ಲ ಭಾವ. ನಾನೂ ಹಾರಿಹೋಗಿದ್ರೆ? ಇನ್ನೊಂದು ಹುಂಜ ಕೊಯ್ದು ಸುಮ್ಮನಾಗ್ತಿದ್ಯಾ?”

ಕಾಟಪ್ಪ ಕೋಲನ್ನು ಮಾತ್ರ ಮುಂದೆ ಚಾಚಿದ. ಕೆಂಚಣ್ಣ ಅದನ್ನು ಕಸಿದುಕೊಂಡ.

“ನಾಕೇ ಕುಳಿ ಹಾರ್ಲಿ,” ಎಂದ ಮುರುಗೇಶಪ್ಪ, ಬೆವರೊರೆಸಿಕೊಂಡು. “ದೊರೆ ಕೇಳಿದ್ರೆ ಅವರಿಗೂ ಕಂಬಳಿ ಹೊದಿಸ್ತೀನಿ. ಇಂಥವು ಎಷ್ಟು ಹೆರಿತೀಯ?”

“ದಿನಕ್ಕೊಂದು. ಕೈ ಪಳಗಿದ್ರೆ ಎರಡಾದಾವು.”

“ಹೆರಿ. ಮದ್ದು ತುಂಬೋವಾಗ ನೀನೇ ಪಕ್ಕದಾಗಿರು. ಇವತ್ತಿಂದ್ಲೇ ಕೂಲಿ ಐತೆ.”

ಆ ದಿನ ಗಣಿಯಲ್ಲಿ ಸಲಾಕೆಯ ಖಣಖಣವಿರಲಿಲ್ಲ. ರಾಗಿ ತುಂಬಿದ ಮೂಟೆಯನ್ನು ತಟ್ಟಿದಂಥ ಮೆತ್ತನೆಯ ಸದ್ದು. ಮಧ್ಯಾಹ್ನ ಹೊಂಗೆಯ ನೆರಳಲ್ಲಿ ತಿಪ್ಪಕ್ಕ ಬುತ್ತಿ ಬಿಚ್ಚಿದಳು. ಕಾಟಪ್ಪ ಅಭ್ಯಾಸದಂತೆ ಬಂಡೆಯತ್ತ ತಿರುಗಿದ. ಆಮೇಲೆ ಜನರ ಕಡೆ ತಿರುಗಿ ಕೂತು, ಎಡಗೈಯಲ್ಲಿ ಮುದ್ದೆ ಮುರಿದ.

ಕೆಂಚಣ್ಣ ಈರುಳ್ಳಿಯೊಂದನ್ನು ಕಲ್ಲಿನ ಮೇಲೆ ಗುದ್ದಿ ಒಡೆದು, ಅರ್ಧವನ್ನು ಭಾವನ ಬಲಗಡೆ ಇಟ್ಟ. ಒಮ್ಮೆ ನೋಡಿ, ಅದನ್ನೆತ್ತಿ ಎಡಗಡೆಗೆ ಇಟ್ಟ.