ಮೇಲಿನ ಬೀದಿಗೆ ಎಂಟೇ ಅಕ್ಷರ

೧. ಎಲ್ಲಿಂದ ಶುರು ಮಾಡಲಿ? ನಲ್ಲಿಯಿಂದಲೋ, ಮೇನ್‌ಫ್ರೇಮಿನಿಂದಲೋ? ಮೇನ್‌ಫ್ರೇಮ್ ಎಂದ ಕೂಡಲೇ ನೀವು ಪುಟ ಮಗುಚುತ್ತೀರಿ, ಗೊತ್ತು. ಹಾಗಾಗಿ ಅತ್ತೆ-ಸೊಸೆಯಿಂದ ಶುರು. (ಈಗ ಹೇಗೆ ಕೂತಿರಿ, ನೋಡಿ!)

೨. ನೀರು ಸರಬರಾಜು ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿ ಅತ್ತೆ, ಸೊಸೆ ಇಬ್ಬರೂ ಪ್ರೋಗ್ರಾಂ ಬರೆಯುವವರು. ಅಕ್ಕಪಕ್ಕದ ಮೇಜು, ಒಂದೇ ಊಟದ ಡಬ್ಬಿ. ಯಾವ ಬೀದಿಗೆ ಯಾವಾಗ ನೀರು ಬಿಡಬೇಕೆಂದು ನಿರ್ಧರಿಸುವುದು ಅಲ್ಲಿನ ಮೇನ್‌ಫ್ರೇಮ್ ಎಂಬ ಹಳೆಯ, ಬೀರುವಿನಂಥ ಯಂತ್ರ. ಇವತ್ತು ಸಂಜೆಯಿಂದ ಅದರಲ್ಲಿ ಸೊಸೆಯ ಹೊಸ ಪ್ರೋಗ್ರಾಂ ಓಡಬೇಕು. ಮಧ್ಯಾಹ್ನ ಪರೀಕ್ಷೆ ಮಾಡಿದಾಗ ಕೆಳಗಿನ ಬೀದಿಯ ವಾಲ್ವ್ ಎರಡೆರಡು ಸಲ ತೆರೆಯಿತು. ಮೇಲಿನ ಬೀದಿಯದು ಜಪ್ಪಯ್ಯ ಅಂದರೂ ತೆರೆಯಲಿಲ್ಲ.

೩. (ಇಲ್ಲಿ ಯಂತ್ರದ ಇತಿಹಾಸ ಬರೆದಿದ್ದೆ. ನನಗೇ ಆಕಳಿಕೆ ಬಂತು, ಹರಿದುಹಾಕಿದೆ.) ಇಷ್ಟು ತಿಳಿದರೆ ಸಾಕು: ಪ್ರೋಗ್ರಾಂನ ತುಂಡುಗಳನ್ನು ಸೇರಿಸಿ ಹೊಲಿಯುವುದಕ್ಕೆ ಲಿಂಕರ್ ಎಂಬುದೊಂದಿದೆ. ಅಲ್ಲಿಯ ಲಿಂಕರ್ ಯಾವ ತುಂಡಿನ ಹೆಸರನ್ನೂ ಮೊದಲ ಎಂಟು ಇಂಗ್ಲಿಷ್ ಅಕ್ಷರ ದಾಟಿ ಓದುವುದಿಲ್ಲ. ಸೊಸೆ ಇಟ್ಟ ಹೆಸರುಗಳು ‘ಓಪನ್ ವಾಟರ್ ಲೋವರ್ ಸ್ಟ್ರೀಟ್’, ‘ಓಪನ್ ವಾಟರ್ ಅಪ್ಪರ್ ಸ್ಟ್ರೀಟ್’. ಲಿಂಕರಿಗೆ ಎರಡೂ ಬರೀ ‘ಓಪನ್ ವಾಟ್’ (OPEN_WAT). ಮೊದಲು ಸಿಕ್ಕಿದ್ದನ್ನು ಇಟ್ಟುಕೊಂಡು ಎರಡನೆಯದನ್ನು ಸದ್ದಿಲ್ಲದೆ ಕೈಬಿಟ್ಟಿತು. ಮೇಲಿನ ಬೀದಿಯನ್ನು ಕರೆದಾಗಲೂ ಕೆಳಗಿನದೇ ತೆರೆಯಿತು.

೪. ಇಲ್ಲೊಂದು ಜಗಳ ಇಟ್ಟಿದ್ದೆ.

“ನಾವೆಲ್ಲ ಎಂಟರಲ್ಲೇ ಸಂಸಾರ ಮಾಡಿದ್ವಿ. ನಿಂಗ್ಯಾಕೆ ರೈಲಿನಷ್ಟುದ್ದ ಹೆಸರು?” ಎಂದರು ಅತ್ತೆ.

“ನೀವಿಟ್ಟ ಹೆಸರು ನಿಮ್ಮನ್ನ ಬಿಟ್ಟು ಇನ್ನೊಬ್ರಿಗೆ ಅರ್ಥ ಆಗುತ್ತಾ ಅತ್ತೆ?”

ಈಗ ಅತ್ತೆ ಸಿಡಿಯಬೇಕು. “ಇಲ್ಲ ಕಣೇ. ಮೊನ್ನೆ ನಂಗೇ ಅರ್ಥ ಆಗ್ಲಿಲ್ಲ,” ಎಂದು ನಕ್ಕುಬಿಟ್ಟರು.

“ಸ್ವಲ್ಪ ಕೂಗಾಡಿ,” ಎಂದೆ ನಾನು. “ಓದುಗರು ಕಾಯ್ತಿದಾರೆ.”

“ನಿಮ್ಮನೆ ಯಾವ ಬೀದಿ?” ಎಂದು ಅತ್ತೆ ಕೇಳಿದರು.

“ಮೇಲಿನ ಬೀದಿ.”

“ಹಾಗಾದ್ರೆ ತೆಪ್ಪಗಿರಿ. ನಾವು ಜಗಳ ಆಡ್ತಾ ಕೂತ್ರೆ ಸಂಜೆ ನಿಮ್ಮ ನಲ್ಲೀಲಿ ಬರೀ ಗಾಳಿ ಬರುತ್ತೆ.”

ಜಗಳಕ್ಕೆ ಅಡ್ಡಗೆರೆ ಎಳೆದೆ. (ನಮ್ಮ ಡ್ರಮ್ ಬೆಳಗ್ಗೆಯೇ ಖಾಲಿ.)

೬. (ಐದು ಬಿಟ್ಟಿದ್ದೇನೆ. ಅದರಲ್ಲಿ ಸೊಸೆ ಅಳುತ್ತಿದ್ದಳು. “ನಾನ್ಯಾಕೆ ಅಳ್ಲಿ?” ಎಂದಳು.) ಇಬ್ಬರೂ ಒಂದೇ ಪರದೆಯ ಮುಂದೆ ಕುರ್ಚಿ ಎಳೆದುಕೊಂಡರು. ಓದುವವರಿಗೆ ಉದ್ದದ ಹೆಸರು ಹಾಗೇ ಇರಲಿ. ಲಿಂಕರಿಗೆಂದು ಪ್ರತಿಯೊಂದಕ್ಕೂ ಎಂಟಕ್ಷರದ್ದೊಂದು, ಮಕ್ಕಳನ್ನು ಮನೆಯಲ್ಲಿ ಬೇರೆ ಹೆಸರಿನಿಂದ ಕರೆಯುವ ಹಾಗೆ. ಈ ಉದ್ದದ ಹೆಸರಿಗೆ ಆ ಗಿಡ್ಡ ಹೆಸರು ಎಂದು ಒಂದೊಂದು ಸಾಲು ಬರೆದರಾಯಿತು. ಅತ್ತೆ ಹೆಸರು ಹೇಳಿದರು, ಸೊಸೆ ಟೈಪ್ ಮಾಡಿದಳು. ಕಥೆ ಕೈತಪ್ಪಿದರೂ ನೋಡುತ್ತ ನನಗೆ ಸಂತೋಷವಾಯಿತು.

ಮತ್ತೆ ಲಿಂಕ್ ಮಾಡಿದರು. “ಏನೂ ತಪ್ಪು ತೋರಿಸ್ಲಿಲ್ಲ!” ಎಂದೆ.

“ಮೊದ್ಲೂ ತೋರಿಸಿರ್ಲಿಲ್ಲ,” ಎಂದಳು ಸೊಸೆ. “ಇನ್ನೊಂದ್ಸಲ ಪರೀಕ್ಷೆ ಮಾಡೋಕೆ ಹೊತ್ತಿಲ್ಲ. ನೀವೇ ಮನೆಗೆ ಹೋಗಿ ನಲ್ಲಿ ನೋಡಿ ಹೇಳಿ.”

೭. ಮುಕ್ತಾಯ ಒಂದು: ನೀರು ಬರುತ್ತದೆ. ಮುಕ್ತಾಯ ಎರಡು: ಬರುವುದಿಲ್ಲ, ಬೀದಿಯವರೆಲ್ಲ ಕೊಡ ಹಿಡಿದು ಕಚೇರಿಗೆ ನುಗ್ಗುತ್ತಾರೆ. ಕಥೆಗೆ ಎರಡನೆಯದೇ ಚೆಂದ. ಆದರೆ ನನಗೆ ಸ್ನಾನ ಆಗಬೇಕು.

೮. ಬಕೆಟ್ ಇಟ್ಟು, ನಲ್ಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕೆಳಗಿನ ಬೀದಿಗೆ ಬಂದಾಯಿತಂತೆ. ಫೋನಿನಲ್ಲಿ ಅತ್ತೆ, ಅವರ ಹಿಂದೆ ಸೊಸೆಯ ದನಿ.

“ಏನಾಯ್ತು?”

“ಗೊರಗೊರ ಅಂತಿದೆ.”

“ಗಾಳಿಯೋ, ನೀರೋ? ಸರಿಯಾಗಿ ಹೇಳ್ರೀ!”

ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪೆನ್ನು. ಬಕೆಟ್ ಬೇರೆ ನಲ್ಲಿಯ ಕೆಳಗಿಂದ ಜರುಗಿದೆ. ಓದುಗರೇ, ಒಂಚೂರು ಈ ಪೆನ್ನು ಹಿಡಿದುಕೊಳ್ಳಿ.