ಮೂರನೆಯ ಮಹಡಿಯ ಹದಿನಾಲ್ಕು ಬಾಗಿಲು

“ಪೈಪು ಕೊಯ್ಯೋನನ್ನ ಯಾವ ಪ್ಯಾನೆಲ್ ಬೇಕು ಅಂತ ಕೇಳ್ತಾ ಕೂತ್ರೆ, ನಾಳೆ ಏಣಿನೂ ಸಲಹೆ ಕೊಡುತ್ತೆ ಮೇಡಂ!”

ಕಟ್ಟಡದ ಇಂಜಿನಿಯರ್ ನನ್ನ ಬಗ್ಗೆ ಈ ಮಾತು ಹೇಳಿದಾಗ ಹಜಾರದಲ್ಲಿ ಒಂಬತ್ತು ಜನ ಇದ್ದೆವು. ಏಳು ಜನ ನಕ್ಕರು. ನಗದವರು ಇಬ್ಬರೇ: ನಾನು, ಮತ್ತು ಕಿವಿ ಮಂದವಾದ ಕಾವಲುಗಾರ ತಾತ. ನನ್ನ ಸ್ವಂತ ಸೋದರಮಾವನೂ ಹಲ್ಲು ಕಿರಿದ. ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಆ ನಾಲ್ಕು ಮಹಡಿಯ ಕಟ್ಟಡಕ್ಕೆ ಬೆಂಕಿ ಎಚ್ಚರಿಕೆಯ ವ್ಯವಸ್ಥೆ ಹಾಕುವ ಕೆಲಸ ಮಾವನದು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಅವನ ಹಿಂದೆ ಬಂದ ನಾನು ಹತ್ತು ವರ್ಷದಿಂದ ಪೈಪು ಕೊಯ್ದು ಗೋಡೆ ಕೊರೆಯುತ್ತಿದ್ದೇನೆ. ಹಿಂದಿನ ದಿನವಷ್ಟೇ ಮಾವ ಹೇಳಿದ್ದ: “ಈ ಸಲ ಪ್ಯಾನೆಲ್ ನೀನೇ ಆರಿಸು. ಕಟ್ಟಡದ ಯಜಮಾನಿ ಒಪ್ಪಿದ್ರೆ ಈ ಕೆಲಸಕ್ಕೆ ಮೇಸ್ತ್ರಿ ನೀನು. ಒಪ್ಪದಿದ್ರೆ ಬಾಯಿ ಮುಚ್ಕೊಂಡು ಇನ್ನೈದು ವರ್ಷ ಕೊರೀತಾ ಇರು.” ಇನ್ನೈದು ವರ್ಷ ಸಿಮೆಂಟಿನ ಪುಡಿ ನುಂಗುವ ಉದ್ದೇಶ ನನಗಿರಲಿಲ್ಲ.

ಪ್ಯಾನೆಲ್ ಅಂದರೆ ಈ ವ್ಯವಸ್ಥೆಯ ತಲೆ. ಮೇಲೆಲ್ಲೋ ಹೊಗೆ ಎದ್ದರೆ ಕೆಳಗೆ ಕೂತ ಅದು ಕೂಗಿಕೊಂಡು, ಹೊಗೆ ಎಲ್ಲಿದೆ ಎಂದು ತೋರಿಸಬೇಕು. ಇಂಜಿನಿಯರ್ ಆರಿಸಿದ್ದ ಪೆಟ್ಟಿಗೆಯಲ್ಲಿ ಮಹಡಿಗೊಂದು ದೀಪ. ಸರಳ, ಅಗ್ಗ, ಕೆಡುವುದು ಕಡಿಮೆ. ನಾನು ಆರಿಸಿದ್ದು ಪ್ರತಿ ಕೋಣೆಯನ್ನೂ ಬೇರೆಯಾಗಿ ಗುರುತಿಸಿ, ಅದರ ಹೆಸರನ್ನು ಪುಟ್ಟ ಪರದೆಯ ಮೇಲೆ ತೋರಿಸುವಂಥದ್ದು.

ನನ್ನ ನಾಲಿಗೆಗೆ ಮೊದಲೇ ಎಲುಬಿಲ್ಲ. “ಮೂರನೇ ಮಹಡಿಯಲ್ಲಿ ಹದಿನಾಲ್ಕು ಬಾಗಿಲು ಇದಾವೆ ಸಾರ್. ನಿಮ್ಮ ದೀಪ ಉರೀತು ಅನ್ನಿ. ಯಾವ ಬಾಗಿಲು ತೆಗೀಬೇಕು? ನಾಣ್ಯ ಚಿಮ್ಮಿ ನೋಡ್ಬೇಕಾ?”

“ಮಹಡಿ ಗೊತ್ತಾದ್ಮೇಲೆ ಬಾಗಿಲು ಹುಡುಕೋದು ಎಷ್ಟು ಹೊತ್ತಪ್ಪಾ?”

“ಹುಡುಕಿ ತೋರಿಸಿ.”

ಯಜಮಾನಿ ಹಣೆಗೇರಿಸಿದ್ದ ಕನ್ನಡಕವನ್ನು ಕೆಳಗಿಳಿಸಿದರು. ಬಾಡಿಗೆದಾರರ ಜಗಳ ಬಿಡಿಸಿ ಬಿಡಿಸಿಯೇ ಕೂದಲು ಹಣ್ಣಾದ ಹೆಂಗಸು. “ಭಾನುವಾರ ಮೇಲೆ ಯಾರೂ ಇರಲ್ಲ. ಎರಡೂ ಡಬ್ಬ ತಂದಿಡಿ. ತಾತ ಹುಡುಕ್ಲಿ. ಯಾವುದು ಬೇಗ ಹುಡುಕಿಸುತ್ತೋ ಅದೇ ನನಗೆ.”

ಶನಿವಾರವೆಲ್ಲ ದುಡಿದು ಆ ಹದಿನಾಲ್ಕು ಕೋಣೆಗಳ ಸೂರಿಗೂ ಹೊಗೆ ಹಿಡಿಯುವ ಬಿಲ್ಲೆಗಳನ್ನು ಎರಡೆರಡು ಸಿಕ್ಕಿಸಿದೆ, ಪ್ಯಾನೆಲ್ಲಿಗೊಂದರಂತೆ. ಕೋಣೆ ಒಂದು, ಕೋಣೆ ಎರಡು ಎಂದು ಕಟ್ಟಡದ ನಕ್ಷೆ ನೋಡಿಕೊಂಡು ನನ್ನದಕ್ಕೆ ಹೆಸರು ತುಂಬಿದೆ.

ಪಂದ್ಯದ ನಿಯಮ ಇಷ್ಟೇ. ಮಾವ ಮೇಲೆ ಹೋಗಿ ತನಗಿಷ್ಟ ಬಂದ ಕೋಣೆಯಲ್ಲಿ ಪರೀಕ್ಷೆಗೆಂದೇ ಡಬ್ಬಿಯಲ್ಲಿ ಬರುವ ಹೊಗೆ ಊದಿ, ಬೀಗ ಹಾಕಿಕೊಂಡು ಕೂರಬೇಕು. ಪ್ಯಾನೆಲ್ಲಿನ ಗಂಟೆ ಮೊಳಗಿದ ಕೂಡಲೇ ತಾತ ಬೀಗದ ಕೈ ಗೊಂಚಲು ಹಿಡಿದು ಹೋಗಿ ಅವನನ್ನು ಕಂಡುಹಿಡಿಯಬೇಕು.

“ತಾತ, ಗಂಟೆ ಕೇಳಿಸುತ್ತಾ?” ಯಜಮಾನಿ ಕೂಗಿದರು.

“ಗಂಟೆ ಚೆನ್ನಾಗಿ ಕೇಳಿಸುತ್ತಮ್ಮಾ. ಬೈಗುಳ ಮಾತ್ರ ಕೇಳಿಸಲ್ಲ.”

ಮೊದಲು ಇಂಜಿನಿಯರ್ ಪೆಟ್ಟಿಗೆ. ಮೂರನೆಯ ಮಹಡಿಯ ದೀಪ ಉರಿಯಿತು. ತಾತ ಹತ್ತಿದರು, ಒಂದೊಂದೇ ಬೀಗ ತೆಗೆದರು. ಏಳನೆಯದರಲ್ಲಿ ಕೀಲಿ ಸಿಕ್ಕಿಕೊಂಡಿತು. ಹತ್ತನೆಯದರಲ್ಲಿ ಮಾವ ಆಕಳಿಸುತ್ತ ಕೂತಿದ್ದ. ಒಂಬತ್ತು ನಿಮಿಷ! ಇಂಜಿನಿಯರ್ ಮುಖ ಹುಳ್ಳಗಾಯಿತು. ನಾನು ಉಬ್ಬಿ ಹೋದೆ.

ಆಮೇಲೆ ನನ್ನದು. ಪರದೆಯ ಮೇಲೆ ‘ಕೋಣೆ ಹನ್ನೊಂದು’ ಎಂದು ಬಂತು. ತಾತ ಹೊರಟರು. ಐದು ನಿಮಿಷ, ಹತ್ತು ನಿಮಿಷ, ಸದ್ದಿಲ್ಲ. ಹನ್ನೆರಡನೇ ನಿಮಿಷಕ್ಕೆ ಮಾವನ ಫೋನು: “ಲೋ, ನಾನು ಸುಟ್ಟು ಬೂದಿ ಆಗಿ, ಬೂದಿನೂ ಹಾರಿಹೋಯ್ತು ಅಂತ ನಿಮ್ಮತ್ತೆಗೆ ಹೇಳ್ಬಿಡು!”

ಹಜಾರ ಬಿದ್ದು ಬಿದ್ದು ನಕ್ಕಿತು. ನಾನು ಎರಡೆರಡು ಮೆಟ್ಟಿಲು ಹಾರಿ ಹೋಗಿ ನೋಡಿದರೆ, ಮಹಡಿಯ ಇನ್ನೊಂದು ತುದಿಯಲ್ಲಿ ಹನ್ನೊಂದು ಎಂದು ಬರೆದ ಬಾಗಿಲು ತೆಗೆದು, ಖಾಲಿ ಕೋಣೆಯಲ್ಲಿ ತಾತ ಶಾಂತವಾಗಿ ನಿಂತಿದ್ದರು. ನಕ್ಷೆ ಲಿಫ್ಟಿನ ಕಡೆಯಿಂದ ಎಣಿಸಿತ್ತು, ಬಾಗಿಲ ಫಲಕಗಳು ಮೆಟ್ಟಿಲ ಕಡೆಯಿಂದ ಎಣಿಸಿದ್ದವು. ಅಲ್ಲಿನ ಒಂದೊಂದು ಗೋಡೆಯನ್ನೂ ಕೊರೆದ ನಾನು, ಒಮ್ಮೆಯೂ ತಲೆ ಎತ್ತಿ ಬಾಗಿಲು ನೋಡಿರಲಿಲ್ಲ.

“ನನ್ನ ಪೆಟ್ಟಿಗೆ ನಿಧಾನಕ್ಕಾದ್ರೂ ಸರಿ ಜಾಗಕ್ಕೆ ಕಳಿಸ್ತು,” ಕೆಳಗಿಳಿದಾಗ ಇಂಜಿನಿಯರ್ ಅಂದ. “ನಿನ್ನ ಮಹಾಪಂಡಿತ ದಾರಿನೇ ತಪ್ಪಿಸಿದ.”

ಮಾತು ನಿಜ. ನಿಜವಾದ್ದರಿಂದಲೇ ಸಿಟ್ಟು ಇಮ್ಮಡಿಯಾಯಿತು. ಬಾಯಿ ತೆಗೆಯುವಷ್ಟರಲ್ಲಿ ತಾತ ಗೊಣಗಿದರು: “ಹನ್ನೊಂದು ಗಿನ್ನೊಂದು ನನಗೇನು ಗೊತ್ತಪ್ಪಾ. ಹಲ್ಲು ಡಾಕ್ಟ್ರು ರೂಮು ಅಂದಿದ್ರೆ ಕಣ್ಣು ಮುಚ್ಕೊಂಡು ಹೋಗ್ತಿದ್ದೆ.”

ತಲೆಯಲ್ಲಿ ಏನೋ ಹೊತ್ತಿಕೊಂಡಿತು. “ಮೇಡಂ, ಅರ್ಧ ಗಂಟೆ ಕೊಡಿ.”

“ಇಪ್ಪತ್ತು ನಿಮಿಷ.”

ತಾತನನ್ನು ಮತ್ತೆ ಮೇಲಕ್ಕೆ ಕರೆದೊಯ್ದೆ. ಒಳಗಿರುವವರು ಯಾರೆಂದು ಅವರು ಬಾಗಿಲು ಬಾಗಿಲಿಗೂ ಹೇಳಿದರು, ನಾನು ಪುಸ್ತಕದಲ್ಲಿ ಬರೆದುಕೊಂಡೆ. ಕೆಳಗೆ ಬಂದು ಪ್ಯಾನೆಲ್ಲಿಗೆ ತುಂಬತೊಡಗಿದೆ. ಒಂದು ಹೆಸರಿಗೆ ಇಪ್ಪತ್ತು ಅಕ್ಷರದ ಮೇಲೆ ಹಿಡಿಸದು. ಟೈಪಿಂಗ್ ಕ್ಲಾಸು. ಕನ್ನಡಕದ ಅಂಗಡಿ. ದರ್ಜಿ, ಎಡ ಕೊನೆ.

“ಯಾವಾಗ್ಲೂ ಕಿರಿಚೋ ವಕೀಲ್ರು,” ನಾನು ಓದಿದೆ.

“ಕಿರಿಚೋದು ಬಿಡಪ್ಪಾ,” ಯಜಮಾನಿ ಗಾಬರಿಯಾದರು. “ಬರೀ ವಕೀಲ್ರು ಅಂತ ಹಾಕು. ಕೇಸು ಜಡಿದುಬಿಟ್ಟಾರು!”

ಮೂರನೆಯ ಸಲ ಗಂಟೆ ಮೊಳಗಿತು. ಪರದೆಯ ಮೇಲೆ ‘ದರ್ಜಿ, ಎಡ ಕೊನೆ’. ತಾತ ಒಮ್ಮೆ ನೋಡಿ, ಗೊಂಚಲಿನಿಂದ ಒಂದೇ ಒಂದು ಕೀಲಿ ಆರಿಸಿಕೊಂಡು ನಡೆದರು. ಎರಡು ನಿಮಿಷ ತುಂಬುವ ಮೊದಲೇ ಫೋನು ಬಂತು: “ಬಂದ್ರಪ್ಪಾ, ಬಂದ್ರು! ಪೇಪರ್ ಬಿಚ್ಚೋಕೂ ಬಿಡ್ಲಿಲ್ಲ!”

“ಇದೇ ಇರ್ಲಿ,” ಅಂದರು ಯಜಮಾನಿ. “ಆದ್ರೆ ಬಾಡಿಗೆಗೆ ಹೊಸಬರು ಬಂದಾಗೆಲ್ಲ ನೀನೇ ಬಂದು ಹೆಸರು ಬದಲಾಯಿಸ್ಬೇಕು.”

ಮಾವ ಇಳಿದು ಬಂದವನೇ ನನ್ನ ಬೆನ್ನಿಗೊಂದು ಗುದ್ದು ಕೊಟ್ಟ. “ನಾಳೆ ಕೆಲಸ ಹಂಚೋದು ನೀನು, ಮೇಸ್ತ್ರಿ. ನನಗೂ ಏನಾದ್ರೂ ಹೇಳು.”

ಇಂಜಿನಿಯರ್ ತನ್ನ ಪೆಟ್ಟಿಗೆಯ ತಂತಿ ಸುತ್ತುತ್ತ ತಲೆ ಎತ್ತಿದ. “ಆಯ್ತು, ಗೆದ್ದೆ. ಆದ್ರೆ ಬಾಗಿಲು ನೋಡದೆ ನಂಬರ್ ತುಂಬಿದ್ದು ನಿನ್ನ ತಪ್ಪು ತಾನೆ? ಎಲ್ಲರ ಮುಂದೆ ಒಪ್ಕೋ.”

ಎಲ್ಲರೂ ನನ್ನತ್ತ ತಿರುಗಿದರು. ನಾಲಿಗೆ ತುದಿಯಲ್ಲಿ ಹತ್ತು ಉತ್ತರಗಳಿದ್ದವು. ಆ ನಕ್ಷೆ ಬರೆದವನು ಅವನೇ ಎಂಬುದು ಮೊದಲನೆಯದು. ಅಷ್ಟರಲ್ಲಿ ತಾತ ಮೆಟ್ಟಿಲಿನಿಂದ ಕೈ ಬೀಸಿದರು. ಉಳಿದ ಮೂರು ಮಹಡಿಗಳ ಬಾಗಿಲುಗಳಿಗೆ ಇನ್ನೂ ಹೆಸರಿರಲಿಲ್ಲ. ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಾನು ಅವರ ಹಿಂದೆ ಹತ್ತಿದೆ.